ಖಾಲಿ ಸದನಕ್ಕೆ ಓದುವಾಕೆ

ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಬೆಳಗಿನ ಐದೂವರೆ. ಸದನದ ಭಾರದ ಬಾಗಿಲನ್ನು ಹೆಗಲು ಕೊಟ್ಟು ದೂಡಿಕೊಂಡು ಮೈಕಕ್ಕ ಒಳಗೆ ಬರುತ್ತಾರೆ. ದೀಪದ ಗುಂಡಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದರೂ ತಕ್ಷಣ ಒತ್ತುವುದಿಲ್ಲ. ಕತ್ತಲಲ್ಲಿ ನೂರ ಎಂಬತ್ತನಾಲ್ಕು ಕುರ್ಚಿಗಳ ಬೆನ್ನು ಮಸುಕಾಗಿ ಕಾಣುತ್ತದೆ. ಅಷ್ಟೂ ಜನ ಏನೋ ಮಾತಾಡುತ್ತಿದ್ದು, ಆಕೆ ಬಂದದ್ದು ಗೊತ್ತಾಗಿ ಬಾಯಿ ಮುಚ್ಚಿಕೊಂಡ ಹಾಗೆ.

"ಎದ್ದು ಹೋಗೋಕೆ ಅವರಿಗೂ ಒಂದು ಗಳಿಗೆ ಬೇಡವಾ?" ಎನ್ನುತ್ತಾರೆ ಮೈಕಕ್ಕ. ಇದು ತಮಾಷೆಯೋ ಅಲ್ಲವೋ ಅವರ ಮುಖ ನೋಡಿ ಹೇಳುವುದು ಕಷ್ಟ.

ಶಾಸಕರು ಬರುವ ಮುಂಚೆ ಒಂದೊಂದು ಕುರ್ಚಿಯ ಮೈಕೂ ಸರಿಯಿದೆಯೇ ನೋಡುವುದು ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ. ಎರಡು ಗಂಟೆ ಹಿಡಿಯುತ್ತದೆ. ಮೇಲೆ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದವರು ಮೇಲಿನಣ್ಣ. ಒಂದು, ಎರಡು, ಮೂರು ಅಂದರೆ ಅವರಿಗೆ ಸಾಲುತ್ತಿರಲಿಲ್ಲ. ಉದ್ದದ ಮಾತು ಬೇಕು, ಆಗಲೇ ಗೊರಗೊರ ಎಲ್ಲಿದೆ ಅಂತ ತಿಳಿಯುವುದು. ಹೀಗಾಗಿ ಮೇಜಿನ ಮೇಲೆ ಇಟ್ಟ ಕಾಗದವನ್ನೇ ಓದುವುದು ರೂಢಿಯಾಯಿತು. ಒಂದು ಕುರ್ಚಿಗೆ ಒಂದು ತುಂಡು. ಸರಿ ಬಂದರೆ ಚಾವಣಿಯಿಂದ "ಹೂಂ" ಎಂಬ ದನಿ. ಆಮೇಲೆ ಮುಂದಿನ ಕುರ್ಚಿ.

ಮೈಕಕ್ಕ ಕಲಿತದ್ದು ಏಳನೇ ತರಗತಿ. "ಇಲ್ಲಿಯ ಎಷ್ಟೋ ಕಾಯ್ದೆಗಳನ್ನ ಮೊದಲಿಂದ ಕೊನೆವರೆಗೆ ಓದಿದೋಳು ನಾನೊಬ್ಬಳೇ ಇರಬೇಕು. ಬೇರೆಯವರು ಓದಿದ್ದನ್ನ ನಾನಂತೂ ಕಂಡಿಲ್ಲ."

ಹೋದ ವರ್ಷ ಇದೇ ಚಳಿ ಕಳೆಯುವ ಕಾಲದಲ್ಲಿ, ಇದೇ ಹೊತ್ತಿನಲ್ಲಿ ಅವರ ಕೈಗೆ ಬಂದದ್ದು ವಿಜ್ಞಾನ ಮತ್ತು ತಂತ್ರಜ್ಞಾನದ ದೊಡ್ಡ ಮಸೂದೆ. ಪ್ರತಿ ಊರಿಗೂ ಒಂದು ಪ್ರಯೋಗಾಲಯ ಕೊಡುವ ಮಾತು ಅದರಲ್ಲಿತ್ತು. ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷದವರು ಕೂಡಿ ತಂದದ್ದು ಇದೊಂದನ್ನೇ. ಆಡಳಿತ ಪಕ್ಷದ ಕಡೆಯಿಂದ ಬರೆದವರು ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಶಾಸಕಿ; ಕಟ್ಟಡದವರ ಬಾಯಲ್ಲಿ ಅವರು ಲ್ಯಾಬ್ ಮೇಡಂ. ವಿರೋಧ ಪಕ್ಷದಿಂದ ಬರೆದವರು ಎಂಬತ್ತೆಂಟನೇ ಕುರ್ಚಿಯ, ಕೋಲೂರಿ ನಡೆಯುತ್ತಿದ್ದ ಯಜಮಾನರು. ಮೂರು ವರ್ಷ ಇಬ್ಬರೂ ಕೂತು ಜಗಳವಾಡುತ್ತ ಬರೆದರು. ಮಸೂದೆ ಸದನಕ್ಕೆ ಬರಲು ಎರಡು ತಿಂಗಳಿದೆ ಎನ್ನುವಾಗ, ಒಂದು ಸೋಮವಾರ, ಯಜಮಾನರು ಕಣ್ಣು ಮುಚ್ಚಿದರು.

ಆಮೇಲೆ ಮೈಕಕ್ಕ ಎಂಬತ್ತೆಂಟರಲ್ಲಿ ಕೂರಲಿಲ್ಲ. ಮೈಕು ನೋಡುವ ಅಗತ್ಯವೂ ಇರಲಿಲ್ಲ. ಮೇಜು ಒರೆಸುವಾಗ ಮಾತ್ರ, "ಸ್ವಲ್ಪ ಸರೀರಿ ಯಜಮಾನ್ರೇ," ಎಂದು ಮೆಲ್ಲಗೆ ಹೇಳುತ್ತಿದ್ದರು. ಹಾಗೆ ಹೇಳಿದ ಮೇಲೆ ಬಟ್ಟೆ ಹಗುರವಾಗಿ ಓಡುತ್ತಿತ್ತಂತೆ.

ಚರ್ಚೆಯ ದಿನಗಳಲ್ಲಿ ಓದಿ ಓದಿ ಮಸೂದೆಯ ಹತ್ತೊಂಬತ್ತನೇ ಕಲಮು ಮೈಕಕ್ಕನಿಗೆ ಬಾಯಿಪಾಠ. ಊರಿನ ನೀರು ಪರೀಕ್ಷಿಸಬೇಕು, ಅದರಲ್ಲಿ ಏನಿದೆ ಎಂಬುದನ್ನು ಮೂವತ್ತು ದಿನದೊಳಗೆ ಆ ಬೀದಿಯವರಿಗೆ ತಿಳಿಸಬೇಕು. ಅವರ ತಂಗಿಯ ಮಗಳಿಗೆ ಒಂಬತ್ತು ವರ್ಷ, ಮೊಣಕಾಲುಗಳು ಒಳಕ್ಕೆ ಬಾಗಿವೆ. ನೀರಿನದೇ ಕಾಟ ಎಂದರು ಡಾಕ್ಟರು. ನಲ್ಲಿಯಲ್ಲಿ ಏನು ಬರುತ್ತಿದೆ ಎಂದು ಕೇಳಲು ತಂಗಿ ನೀರಿನ ಕಚೇರಿಗೆ ಹನ್ನೊಂದು ಸಲ ಹೋದಳು. ವರದಿ ಇದೆ, ತೋರಿಸುವಂತಿಲ್ಲ ಎಂದು ಹನ್ನೊಂದು ಸಲವೂ ಕಳಿಸಿದರು.

ಮತಕ್ಕೆ ಹಾಕುವ ದಿನ ಬೆಳಿಗ್ಗೆ, ಎಡಗಡೆ ಆಡಳಿತ ಪಕ್ಷದ ಸಾಲಿನಲ್ಲಿ ಹತ್ತೊಂಬತ್ತನೆಯದನ್ನು ಓದುವಾಗ ಮೈಕಕ್ಕನ ನಾಲಿಗೆ ತಾನಾಗಿ ಮುಂದಕ್ಕೆ ಹೋಯಿತು, ಕಾಗದ ಹಿಂದೆ ಉಳಿಯಿತು. ಬೀದಿಯವರಿಗೆ ತಿಳಿಸುವ ಸಾಲೇ ಅಲ್ಲಿರಲಿಲ್ಲ. ಬಲಗಡೆ ವಿರೋಧ ಪಕ್ಷದ ಸಾಲಿಗೆ ಹೋಗಿ ನೋಡಿದರು, ಇತ್ತು. ಆ ದಿನಕ್ಕೆಂದು ಎರಡು ಪಕ್ಷದ ಕಚೇರಿಯವರು ಬೇರೆ ಬೇರೆ ಕಟ್ಟು ಅಚ್ಚು ಹಾಕಿಸಿದ್ದರು. ಆಡಳಿತ ಪಕ್ಷದ್ದು ಹಳೆಯ ಕರಡು. ಸಭಾಧ್ಯಕ್ಷರು ಮೊಹರು ಒತ್ತಬೇಕಾದ ಪ್ರತಿಯೂ ಆ ಕಟ್ಟಿನದೇ. ಒಪ್ಪಂದ ಆಗಿಯೇ ಹೋಗಿದೆ ಎಂದು ಯಾರೂ ತಿರುವಿ ನೋಡುವವರಲ್ಲ.

ಸದನದ ವಿಷಯದಲ್ಲಿ ಕೆಲಸದವರು ತುಟಿ ಬಿಚ್ಚಬಾರದು. ಬಿಚ್ಚಿದರೆ ಮನೆಗೆ. ಮೈಕಕ್ಕ ಮೇಲೆ ನೋಡಿ ಮೇಲಿನಣ್ಣನಿಗೆ ವಿಷಯ ಹೇಳಿದರು.

"ಓದೋದು ನಿನ್ನ ಕೆಲಸ ತಾನೇ?" ಎಂದಿತು ಚಾವಣಿಯ ದನಿ. "ಎರಡನ್ನೂ ಓದು. ಗುಂಡಿ ನನ್ನ ಕೈಲಿದೆ."

ಆಗ ಅವರು ನಿಂತಿದ್ದದ್ದು ಎಂಬತ್ತೆಂಟರ ಮುಂದೆ. ಅಭ್ಯಾಸದ ಮೇಲೆ ಯಾರೋ ಆ ಮೇಜಿಗೂ ಒಂದು ಪ್ರತಿ ಇಟ್ಟು ಹೋಗಿದ್ದರು. ಮೈಕಕ್ಕ ಅಲ್ಲೇ ಆ ಮೈಕಿಗೆ ಬಗ್ಗಿ, ಕೈಲಿದ್ದ ಎಡಗಡೆಯದನ್ನು ಓದಿದರು, ಬಲಗಡೆಯದನ್ನು ಓದಿದರು. ಅಷ್ಟರಲ್ಲಿ ಬಾಗಿಲಾಚೆಯಿಂದ ಅವರದೇ ದನಿ ತಿರುಗಿ ಬರತೊಡಗಿತು. ಮುಚ್ಚಿದ ಕೋಣೆಗಳಿಂದ, ಉದ್ದನೆಯ ಓಣಿಯಿಂದ, ತುಟಿ ನಿಂತ ಮೇಲೂ ಒಂದೆರಡು ಮಾತು ಮುಂದುವರಿಸಿಕೊಂಡು. ಮೇಲಿನಣ್ಣ ಶಾಸಕರ ಕೋಣೆಗಳ ಸ್ಪೀಕರುಗಳನ್ನೆಲ್ಲ ತೆರೆದುಬಿಟ್ಟಿದ್ದರು. "ನನ್ನ ದನಿ ಅಂತ ನಂಗೊತ್ತು. ಆದರೂ ಕೊನೇಲಿ ಅದು ಅಷ್ಟು ವಯಸ್ಸಾದ ದನಿ ಹೇಗಾಯ್ತು ಅಂತ ಗೊತ್ತಾಗಲಿಲ್ಲ."

ಭಾಷಣ ತಯಾರಿಗೆಂದು ಬೇಗ ಬಂದಿದ್ದ ಲ್ಯಾಬ್ ಮೇಡಂ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು. ಮೈಕಕ್ಕ ಎರಡೂ ಕಾಗದ ಚಾಚಿದರು. ಮೇಡಂ ಕಾಗದ ನೋಡುವ ಮೊದಲು ಕುರ್ಚಿ ನೋಡಿದರು.

"ಇಲ್ಲಿಂದಲೇ ಓದಿದ್ರಾ?"

ಹನ್ನೊಂದು ಗಂಟೆಗೆ ಮೇಡಂ ಎದ್ದು ಬಿಟ್ಟುಹೋದ ಸಾಲನ್ನು ಸೇರಿಸಬೇಕೆಂದರು. ಎರಡೂ ಕಡೆಯವರು ಮೇಜು ಕುಟ್ಟಿದರು. ಮಸೂದೆ ಪಾಸಾಯಿತು. ಕಲಾಪದ ಪುಸ್ತಕದಲ್ಲಿ ಮುದ್ರಣದೋಷ ತಿದ್ದಲಾಯಿತು ಎಂದಷ್ಟೇ ಇದೆ. ಸ್ಪೀಕರು ತೆರೆದವರು ಯಾರು ಎಂಬ ವಿಚಾರಣೆ ಮಾತ್ರ ಬಿಡದೆ ನಡೆಯಿತು. ಮೇಲಿನಣ್ಣ, ತಾನೇ, ಕೈ ತಪ್ಪಿ ಆಯಿತು ಎಂದರು. ಓದಿದಾಕೆಯ ಹೆಸರು ಅವರ ಬಾಯಿಂದ ಬರಲಿಲ್ಲ. ಅವರ ನಿವೃತ್ತಿಗೆ ಮೂರೇ ತಿಂಗಳಿತ್ತು; ಅಷ್ಟೂ ಕಾಯದೆ ಕೆಲಸದಿಂದ ತೆಗೆದರು.

ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ಅವರು ಒಂದು ಮಾತು ಹೇಳಿದರಂತೆ. "ಯಜಮಾನ್ರು ಹೋದರಲ್ಲ, ಆ ವಾರವೇ ಎಂಬತ್ತೆಂಟರ ವೈರು ಬಿಚ್ಚಿಟ್ಟಿದ್ದೆ ಕಣಕ್ಕ. ಪಕ್ಕದ ಮೈಕಲ್ಲಿ ಓದ್ತೀಯ ಅಂದ್ಕೊಂಡಿದ್ದೆ. ನೀನು ಓದುವಾಗ ನನ್ನ ಮುಂದಿನ ಹಲಗೇಲಿ ಉರಿದದ್ದು ಎಂಬತ್ತೆಂಟರ ದೀಪವೇ."

ಈಗ ಗಾಜಿನ ಕೋಣೆಯಲ್ಲಿ ಯಂತ್ರವಿದೆ. ಮೈಕು ಸರಿಯಿದ್ದರೆ ಹಸಿರು ದೀಪ, ಅಷ್ಟೇ. ಆದರೂ ಮೈಕಕ್ಕ ಒಂದೊಂದು ಕುರ್ಚಿಯಲ್ಲೂ ಓದಿ, ತಲೆಯೆತ್ತಿ, ಒಂದು ಉಸಿರು ಕಾಯುತ್ತಾರೆ. ಆಸೆ ಏನು ಎಂದರೆ ದೊಡ್ಡದೇನೂ ಇಲ್ಲ. ಪ್ರಯೋಗಾಲಯದ ಗೋಡೆ ಅವರ ಬೀದಿಯ ತುದಿಯಲ್ಲಿ ಸೊಂಟದೆತ್ತರಕ್ಕೆ ಬಂದಿದೆ. ನೀರಿನ ಕಾಗದ ಬಂದ ದಿನ ಅದನ್ನು ತಂಗಿಯ ಮಗಳೇ ಬೀದಿಗೆಲ್ಲ ಕೇಳುವಂತೆ ಓದಬೇಕು. "ಓದೋದು ಹೇಳಿಕೊಡ್ತಿದ್ದೀನಿ. ಗಂಟಲು ನಂದೇ ಬಂದಿದೆ ಅವಳಿಗೆ."

ಎಂಬತ್ತೆಂಟರ ಮೇಜು ಒರೆಸುತ್ತ ಅವರು ದನಿ ತಗ್ಗಿಸುತ್ತಾರೆ. "ಯಜಮಾನ್ರು ಸೋಮವಾರ ಹೋದರು ಅಂತಾರೆ ಎಲ್ಲರೂ. ನಾನು ಹಾಗನ್ನಲ್ಲ. ಹೋದದ್ದು ಮೇಲಿನಣ್ಣ. ಬುಧವಾರ."