ಬಾಣಂತನಕ್ಕೆ ಬೇಕಾದ ಆದಾಯ

ನನ್ನ ತಂಗಿಗೆ ಬ್ಲೌಸಿನ ತೋಳು ಕೂರಿಸೋಕೆ ಇವತ್ತಿಗೂ ಬರಲ್ಲ. ಶಿರಾ ಗೇಟ್ ಹತ್ತಿರದ ನನ್ನ ಟೈಲರಿಂಗ್ ಅಂಗಡಿಯಲ್ಲಿ ನಾಲ್ಕು ವರ್ಷ ಕೂತು ಬರೀ ಹುಕ್ಸು ಹಾಕಿದವಳು, ಅಂಚು ಹೊಲಿದವಳು. ಈಗ ಬೇರೆ ದೇಶದಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡ್ತಾಳೆ. ಯಾವ ದೇಶ ಅಂತ ಹೇಳಲ್ಲ, ಮತ್ತೆ ಅರ್ಜಿ ಹಾಕೋದಿದೆ. ನಾನು ಮೂರು ದಿನ ಕತ್ತು ಬಗ್ಗಿಸಿ ದುಡಿಯೋದನ್ನ ಅವಳು ಮಧ್ಯಾಹ್ನದ ಊಟದೊಳಗೆ ದುಡೀತಾಳೆ. ಅವಳ ಗಂಡ ಗುಬ್ಬಿ ರೂಟಲ್ಲಿ ಬಸ್ ಓಡಿಸ್ತಿದ್ದ, ಅಲ್ಲೂ ಬಸ್ಸೇ ಓಡಿಸ್ತಾನೆ, ಸ್ವಂತ ಮನೆ ಮಾಡ್ಕೊಂಡವ್ನೆ. ಅಲ್ಲಿ ಸ್ಟೇರಿಂಗ್ ಏನು ಚಿನ್ನದ್ದಾ ಅಂತ ಕೇಳಿದೆ. ನಕ್ಕ.

ಹೊಟ್ಟೆ ಉರೀತಾ ಅಂದ್ರೆ, ಉರೀತು. ಸುಳ್ಳು ಯಾಕೆ ಹೇಳ್ಲಿ. ಆದರೆ ತಂಗಿ ಬಸುರಿ ಅಂತ ಫೋನ್ ಮಾಡಿದಾಗ ಎಲ್ಲಾ ಮರೆತುಹೋಯ್ತು. ಅಮ್ಮ ಇಲ್ಲ, ಬಾಣಂತನ ನಾನೇ ಮಾಡಬೇಕು.

"ಬಾರೇ ಅಕ್ಕ, ಭಯ ಆಗ್ತದೆ," ಅಂದಳು.

"ಬರ್ತೀನಿ ಕಣೇ, ಅಳಬೇಡ," ಅಂದೆ. ಅಂಟಿನುಂಡೆ ಕಟ್ಟೋಕೆ ಹೆಬ್ಬೂರಿಂದ ಕೊಬ್ಬರಿನೂ ತರಿಸಿಟ್ಟೆ.

ವೀಸಾಕ್ಕೆ ಆದಾಯದ ದಾಖಲೆ ಕೇಳಿದರು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಇತ್ತಲ್ಲ, ಸರ್ಕಾರದ್ದೇ ಅಂತ ಹೆಮ್ಮೆಯಿಂದ ಇಟ್ಟೆ. ಆ ಪತ್ರದ ಕತೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ರೇಷನ್ ಕಾರ್ಡ್ ಕೈತಪ್ಪಬಾರದು ಅಂತ ಕಮ್ಮಿ ಮಾಡಿ ಬರೆಸಿರೋದು. ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಎರಡಂತಸ್ತಿನ ಮನೆಯವರದ್ದೂ ಅಷ್ಟೇ ಇದೆ. ಬೀದಿಗೆ ಬೀದಿಯೇ ಕಾಗದದ ಮೇಲೆ ಬಡವರು, ಆರಾಮಾಗಿದೀವಿ.

ವೀಸಾ ಕೊಡಲಿಲ್ಲ. ಇಷ್ಟು ಕಮ್ಮಿ ಆದಾಯದವಳು ಬಂದರೆ ವಾಪಸ್ ಹೋಗ್ತಾಳೆ ಅಂತ ಅವರಿಗೆ ನಂಬಿಕೆ ಇಲ್ಲವಂತೆ. ಅಯ್ಯೋ ಶಿವನೇ! ಇಬ್ಬರು ಹೆಲ್ಪರ್ ಇಟ್ಕೊಂಡು, ಹಬ್ಬದ ಸೀಸನ್ನಲ್ಲಿ "ಆಗಲ್ಲ ಹೋಗಮ್ಮ" ಅಂತ ಗಿರಾಕಿಗಳನ್ನ ವಾಪಸ್ ಕಳಿಸೋಳು ನಾನು. ಹೆಬ್ಬೂರಿನ ಚಿಕ್ಕಮ್ಮ ನನ್ನನ್ನ ಕರೆಯೋದೇ ಸಾವ್ಕಾರ್ತಿ ಅಂತ.

ರೇಷನ್ ಕಾರ್ಡ್ ಹೋದ್ರೆ ಹೋಗ್ಲಿ ಬುಡು ಅಂತ ಆಡಿಟರ್ ಹತ್ತಿರ ಹೋಗಿ ಕೂತೆ. ಒಂದು ಬ್ಲೌಸು, ಒಂದು ಫಾಲ್ಸು ಬಿಡದೆ ದುಡಿದದ್ದೆಲ್ಲ ಹೇಳಿದೆ. ಹುಟ್ಟಿದಾಗಿನಿಂದ ಯಾರಿಗೂ ಅಷ್ಟು ನಿಜ ಹೇಳಿರಲಿಲ್ಲ. ಹಳೇ ಪತ್ರ ಯಾಕೆ ಹಾಗಿತ್ತು ಅಂತಾನೂ ಬರೆದುಕೊಟ್ಟು ಮತ್ತೆ ಅರ್ಜಿ ಹಾಕಿದೆ.

ಉತ್ತರ ಬಂತು. ಅದೇ ಕಾಗದ, ಅದೇ ವಾಕ್ಯ.

"ತಪ್ಪೊಪ್ಪಿಕೊಂಡಿದ್ದಕ್ಕೆ ಶಿಕ್ಷೆನಾ?" ಅಂತ ಅರ್ಜಿ ತುಂಬಿಕೊಟ್ಟ ವೀಸಾ ಏಜೆಂಟ್ ಮೇಲೆ ಕೂಗಾಡಿದೆ.

"ಅದಲ್ಲಮ್ಮ," ಅಂದ, ಪಾಪ, ಮೆಲ್ಲಗೆ. "ನೀವು ಆಗ ಬರೆದದ್ದೂ ಈಗ ಬರೆದದ್ದೂ ಅವರ ದುಡ್ಡಲ್ಲಿ ನೋಡಿದ್ರೆ ಹೆಚ್ಚುಕಮ್ಮಿ ಒಂದೇ."

ನಾಚಿಕೆ ಆಯ್ತು. ಸುಳ್ಳು ಹೇಳಿ ಸಿಕ್ಕಿಬಿದ್ದಾಗಲೂ ಅಷ್ಟು ಆಗಿರಲಿಲ್ಲ.

ತಂಗಿಗೆ ಹೆಣ್ಣು ಮಗು ಆಯ್ತು. ಮಗೂನ ಎರೆಯೋಕೆ ಗಂಟೆಗಿಷ್ಟು ಅಂತ ಒಬ್ಬಳನ್ನ ಗೊತ್ತುಮಾಡಿಕೊಂಡಿದಾಳೆ. ಆ ಎರೆಯೋಳ ಒಂದು ಗಂಟೆ ಅಂದ್ರೆ ನನ್ನ ಒಂದು ದಿನದ ದುಡಿಮೆ. ಕಾಲು ನೀಡಿಕೊಂಡು ಮಗೂನ ಮಲಗಿಸಿಕೊಳ್ಳೋದು ಅವಳಿಗೆ ಬರಲ್ಲ. ನಾನು ಮಿಷನ್ ನಿಲ್ಲಿಸಿ ವಿಡಿಯೋ ಕಾಲಲ್ಲಿ ಹೇಳಿಕೊಡ್ತೀನಿ, ಪುಕ್ಕಟೆ.

ಮೊನ್ನೆ ಅವಳು ಎರೆದು ಹೋದಮೇಲೆ ತಂಗಿ ಮಗೂನ ಫೋನಿನ ಹತ್ತಿರ ಹಿಡಿದಳು. ಅಮ್ಮನದೇ ಗಲ್ಲ.

"ನಿಜ ಹೇಳೇ ಅಕ್ಕ, ನಿಂಗೆ ವೀಸಾ ಕೊಟ್ಟಿದ್ರೆ ವಾಪಸ್ ಹೋಗ್ತಿದ್ಯಾ?"

"ಅದಿರಲಿ, ಅಲ್ಲಿ ಬ್ಲೌಸಿನ ತೋಳು ಕೂರಿಸೋಕೆ ಎಷ್ಟು ಕೊಡ್ತಾರೇ?" ಅಂದೆ.