ನೀರು ಕುಡಿಸೋ ಹುಲಗಪ್ಪ

ಹಳೇ ಹುಬ್ಬಳ್ಳ್ಯಾಗ ಕಮ್ಮಾರ ಹುಲಗಪ್ಪನಂಥಾ ಹಠಮಾರಿನ್ನ ನಾ ಇನ್ನೊಬ್ಬನ್ನ ನೋಡಿಲ್ಲ. ಬಾಜೂಮನಿಯಾಕಿ ನಾನು, ಹೇಳಾಕ ಹಕ್ಕೈತಿ. ತಾ ಹಿಡಿದ ಮೊಲಕ್ಕ ಮೂರ ಕಾಲು ಅಂತ ಮಂದಿ ಬರೇ ಹೇಳ್ತಾರ. ಇವ ನಾಕನೇ ಕಾಲು ಕಂಡ್ರ ಮುರದು ಕೈಯಾಗ ಕೊಡಾಂವ.

ಕೈ ಮಾತ್ರ ಛಲೋ ಇತ್ತು, ಸುಳ್ಳು ಯಾಕ ಹೇಳ್ಲಿ. ಅವ ಬಡದ ಕೊಡ್ಲಿಗೆ ಬೈರಿದೇವರಕೊಪ್ಪದ ರೈತರು ನಡಕೋತ ಬರ್ತಿದ್ರು. ಕಬ್ಬಿಣ ಕೆಂಪಗ ಕಾಸಿ, ಬಡದು, ನೀರಾಗ ಚೊಂಯ್ ಅಂತ ಅದ್ದಿದ್ರ ಅಲಗು ಬಿರಸಾಗತಿತ್ತು. ಅದಕ್ಕ ನೀರು ಕುಡಿಸೋದು ಅಂತಾರ. ಅವರಪ್ಪ ಕೈ ಹಿಡಿದು ಕಲಿಸಿದ್ದು. ಅಪ್ಪ ತೀರಿಕೊಂಡ ಮ್ಯಾಲೂ, ಆ ಸಪ್ಪಳ ಕೇಳಿದ್ರ ಅಪ್ಪ ಹಿಂದ ನಿಂತಂಗ ಅನಸ್ತೈತಿ ಅಂತಿದ್ದ ಹುಲಗಪ್ಪ.

ನಲವತ್ತನೇ ಇಸ್ವಿ ಆಜೂಬಾಜೂ ಪ್ಯಾಟಿಗೆ ತಯಾರ ಕೊಡ್ಲಿ ಬಂದು ಅವನ ಕುಲುಮಿ ಆರಿತು. ನಾನೂ ಅವನ ಹೇಣ್ತಿ ಶೇವಂತೆವ್ವಾನೂ ಹತ್ತಿ ಆರಿಸಾಕ ಹೋಗೋ ಜಿನ್ನಿಂಗ್ ಗಿರಣ್ಯಾಗ ಅವಾಗ ಬಾಂವಿಯಿಂದ ಬಾಯ್ಲರಿಗೆ ಉಕ್ಕಿನ ಪೈಪ್ ಹಾಕಾಕತ್ತಿದ್ರು. ಹುಲಗಪ್ಪ ಗ್ಯಾಸಿನ ಬೆಸುಗಿ ಕಲತು ಅಲ್ಲಿ ಸೇರಿದ. ಮನಿಗೆ ಇದ್ದದ್ದು ಅದೊಂದ ಆಸರ.

ಬೆಸುಗಿ ನೆಟ್ಟಗ ಕೂಡತಿತ್ತು. ಆದ್ರ ಜೋರ ನೀರು ಬಿಟ್ರ ಪೈಪ್ ಸೀಳತಿತ್ತು, ಅದೂ ಬೆಸುಗಿ ಮ್ಯಾಲಲ್ಲ, ಅದರ ಮಗ್ಗಲಕ್ಕ. ಧಾರವಾಡದಿಂದ ಬರೋ ಓವರ್ಸಿಯರ್ ಬಿಂದುಮಾಧವರಾಯರು ಸೀಳಿದ ತುಂಡು ಹಿಡಕೊಂಡು ಕುಂತ್ರು.

"ಇಲ್ಲಿ ನೋಡು ಹುಲಗಪ್ಪ. ಬೆಸುಗಿಯಿಂದ ದೂರ ಇದ್ದಲ್ಲೆ ಉಕ್ಕಿನ ಕಣ ಸಣ್ಣ ರವಾದಂಗ ಅವ. ಬೆಸುಗಿ ಮಗ್ಗಲಕ್ಕ, ಕಾವು ತಾಕಿದಲ್ಲೆ, ಸಕ್ಕರಿ ಹರಳಿನಂಗ ದಪ್ಪ ಆಗ್ಯಾವ. ಅರದಿಂದ ತಿಕ್ಕಿದ್ರ ಅರ ಜಾರತದ, ಅಷ್ಟು ಬಿರಸು. ಬಿಸಿ ಇದ್ದಾಗನ ನೀರು ಸುರೀತಿ, ಅದಕ್ಕ."

"ಬಿರಸಾದ್ರ ಛಲೋನ ಅಲ್ರಿ, ರಾಯರ?"

"ಕೊಡ್ಲಿಗೆ ಛಲೋ. ಪೈಪ್ ಒಂಚೂರು ಬಾಗಬೇಕಪಾ, ಇಲ್ಲಂದ್ರ ಒಡೀತದ. ಬೂದ್ಯಾಗ ಹುಗದು ಸಾವಕಾಶ ಆರಸು. ಇನ್ನೊಂದು ಸೀಳಿದ್ರ ಮಾಲಕರು ನಿನ್ನ ಬಿಡಿಸಿ ಮುಂಬೈದಿಂದ ಬ್ಯಾರೆಯವರನ್ನ ಕರಸತಾರ. ನನ್ನ ಕೈಯಾಗ ಏನೂ ಇಲ್ಲ."

ನೀರಿನ ಪೀಪಾಯಿನೂ ತಗಸಿದ್ರು. ಮುಗೀತು ಅನಕೊಂಡ್ವಿ. ನಮ್ಮ ಮಾರಾಯ ಸೀಳಿದ್ದನ್ನ ಮತ್ತ ಬೆಸದು, ಚರಿಗಿ ಹಿಡಕೊಂಡು ಬಯಲಕಡೆ ಹೊಂಟ. ಚರಿಗಿ ಹಿಡದಾಂವನ್ನ ಎಲ್ಲಿಗೆ ಅಂತ ಯಾರು ಕೇಳ್ತಾರ? ರಾಯರು ಪಾಪ, ಮಾರಿ ಆ ಕಡೆ ಹೊಳ್ಳಿಸಿ ದಾರಿ ಬಿಟ್ರು. ಇವ ಹಾದ್ಯಾಗ ಪೈಪಿನ ಮ್ಯಾಲ ಸುರದು ಹೋದ, ಹೊಳ್ಳಿ ಬಂದ, ಮತ್ತ ತುಂಬಿಕೊಂಡು ಹೊಂಟ. ಮಶೀನಿನ ಗದ್ದಲದಾಗ ಆ ಚೊಂಯ್ ಅವನೊಬ್ಬಗ ಕೇಳಿರಬೇಕು.

"ಯಕ್ಕಾ, ಇವರ ಹೊಟ್ಟಿ ನೆಟ್ಟಗೈತಿ. ಹಿಂಗ್ಯಾಕ ಓಡ್ಯಾಡಾಕತ್ತಾರ?" ಅಂದ್ಲು ಶೇವಂತಿ. ಇಬ್ಬರೂ ಹೋಗಿ ನೋಡಿದ್ರ ಪೈಪ್ ಹಸಿ ಆಗಿ ಹೊಗಿಯಾಡಾಕತ್ತಿತ್ತು. ನನಗ ಸಿಟ್ಟು ನೆತ್ತಿಗೇರಿತು. ನಾ ಆಗಿದ್ರ ಅದ ಚರಿಗಿ ಅವನ ತಲಿಮ್ಯಾಲ ಬೋರಲ ಹಾಕತಿದ್ನಿ. ಆಕಿ ಒಂದ ಮಾತು ಬೈಲಿಲ್ಲ. ಮನಿಗೆ ಹೋಗಿ ಬುಟ್ಟಿ ತುಂಬ ಒಲಿ ಬೂದಿ ಹೊತ್ತು ತಂದು, ಅವನ ಕೈಯಾನ ಚರಿಗಿ ಇಸಕೊಂಡ್ಲು.

"ಮತ್ತ ಕೆಂಪಗ ಕಾಸ್ರಿ" ಅಂದ್ಲು.

ಆಕಿ ಮಾರಿ ನೋಡಿ ಕಾಸಿದ. ಆಕಿ ಬೂದಿ ಮುಚ್ಚಿದ್ಲು. ಸಪ್ಪಳಿಲ್ಲ, ಹೊಗಿ ಇಲ್ಲ. ಹುಲಗಪ್ಪ ಖಾಲಿ ಕೈ ತೊಡಿಮ್ಯಾಲ ಇಟಕೊಂಡು ಕುಂತ. ಅವನ ಕಣ್ಣಾಗ ನೀರು ಕಂಡು, ಬೈಯಾಕ ತಗದ ಬಾಯಿ ಮುಚ್ಚಿಕೊಂಡ್ನಿ.

"ಅಪ್ಪನ ಕೈ ಬಿಟ್ಟಂಗ ಆಗೇತಿ" ಅಂದ.

ಮರುದಿನ ನೀರು ಬಿಟ್ರು. ಪೈಪ್ ತಡೀತು. ರಾಯರು ಬೆನ್ನು ಚಪ್ಪರಿಸಿದ್ರು, ಕೆಲಸ ಉಳೀತು, ಆದ್ರೂ ಇವ ಮಾರಿ ಗಂಟ ಹಾಕ್ಕೊಂಡ ಮನಿಗೆ ಬಂದ. ಶೇವಂತಿ ರೊಟ್ಟಿ ಬಡಕೋತ ಅಂದ್ಲು: "ಮಾವಾರು ಇದ್ದಿದ್ರ ನಿಮ್ಮ ಕಪಾಳಕ್ಕೊಂದು ಕೊಟ್ಟು, ತಾವ ಬೂದಿ ಮುಚ್ಚತಿದ್ರು. ಮಗ ಕೆಲಸ ಕೆಡಸೋದನ್ನ ಅವರು ಯಾವಾಗ ತಡಕೊಂಡಿದ್ರು?"

ಹುಲಗಪ್ಪ ಕಪಾಳ ಸವರಿಕೊಂಡು, "ಹೊಡೀತಿದ್ದ, ಖರೇ ಹೊಡೀತಿದ್ದ" ಅಂತ ನಗಾಕತ್ತಿದ.