ನುಣುಪಾದ ಅಂಚು

ಕೋವಿಡ್ ಕಳೆದು ಎರಡನೆಯ ವರ್ಷ. ಆಗ ನಾನು ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಆಪರೇಷನ್ ಸಾಮಾನು ತೊಳೆದು ಆಟೋಕ್ಲೇವಿಗೆ ಹಾಕುವ ಕೆಲಸದಲ್ಲಿದ್ದೆ. ಆಟೋಕ್ಲೇವ್ ಎಂದರೆ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ. ನಾನು ಔರಾದ ತಾಲ್ಲೂಕಿನ ಹಳ್ಳಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಗುರುತಿಸುತ್ತಿದ್ದೆ, ಓದಲು ಬರುತ್ತಿರಲಿಲ್ಲ. ಇದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹನ್ನೆರಡು ವರ್ಷ ಯಾರೂ ಕೇಳಲೂ ಇಲ್ಲ. "ಕಮಲಾಬಾಯಿ ತೊಳದದ್ದರಾಗ ಮುಖ ನೋಡ್ಕೋಬಹುದು" ಎಂದು ಹಿರಿಯ ನರ್ಸ್ ಶಬಾನಾ ಸಿಸ್ಟರ್ ಹೇಳುತ್ತಿದ್ದರು. ಆ ಮಾತೇ ನನಗೆ ಸರ್ಟಿಫಿಕೇಟ್ ಆಗಿತ್ತು.

ನನ್ನ ತಮ್ಮ ಗೌತಮ ಗೌಂಡಿ. ಭಾಲ್ಕಿಯಲ್ಲಿ ಮನೆಯೊಂದರ ಗೋಡೆಗೆ ಸಿಮೆಂಟ್ ಗಿಲಾವು ಮಾಡುತ್ತಿದ್ದಾಗ ಮೇಲಿಂದ ಬಿದ್ದ. ಮೆದುಳು ಬಾತುಕೊಂಡಿದ್ದರಿಂದ ನಮ್ಮ ಆಸ್ಪತ್ರೆಯ ಡಾಕ್ಟರು ಎಡಗಡೆಯ ಬುರುಡೆಯ ಒಂದು ಹೋಳು ತೆಗೆದರು. ಬದುಕಿದ. ಆದರೆ ಅಂಗೈಯಷ್ಟು ಜಾಗದಲ್ಲಿ ತಲೆ ಒಳಗೆ ಕುಸಿದಿತ್ತು. ಕೆಲವು ತಿಂಗಳ ನಂತರ ಅಲ್ಲಿ ಕೂರಿಸಲು ಅವನ ಅಳತೆಗೇ ಮಾಡಿಸಿದ ಪ್ಲೇಟು ಬಂತು. ಅದು ಪೀಕ್ ಎಂಬ ಪಾಲಿಮರಿನದು, ಹಗುರ, ಗಟ್ಟಿ. ಆದರೆ ಎಲುಬು ಅದನ್ನು ತಾನಾಗಿ ಹಿಡಿಯುವುದಿಲ್ಲ. ಅದಕ್ಕೇ ಅಂಚಿನ ಸುತ್ತ ಎಲುಬಿನಲ್ಲಿರುವಂಥದೇ ಖನಿಜದ ಒರಟು ಲೇಪ ಕೊಟ್ಟಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅಂದು ನನಗೆ ಕಂಡದ್ದು ಅಂಚಿಗೆ ಹತ್ತಿದ ಬಿಳಿ ಹುಡಿ. ಬೆರಳಿಗೆ ಖರಬರಾ ಹತ್ತಿತು. ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟೆ. ತಮ್ಮನ ತಲೆಯೊಳಗೆ ಹೋಗುವ ವಸ್ತು, ಬೇರೆಯವರದಕ್ಕಿಂತ ಚೆನ್ನಾಗಿ ತೊಳೆಯಬೇಕೆಂದು ಬ್ರಶ್ ತೆಗೆದುಕೊಂಡು ತಿಕ್ಕಿದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಅಂಚು ನುಣುಪಾಗುವವರೆಗೂ ಬಿಡಲಿಲ್ಲ.

"ಕಾಗದ ಓದಿದ್ಯೇನವಾ?" ಎಂದು ಶಬಾನಾ ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿದರು.

"ಓದೀನ್ರಿ" ಎಂದೆ. ರಿಜಿಸ್ಟರಿನಲ್ಲಿ 'ಸೂಚನೆ ಓದಿದೆ' ಎಂಬ ಚೌಕಕ್ಕೆ ಎಂದಿನಂತೆ ಗುರುತು ಹಾಕಿ ಸಹಿ ಮಾಡಿದೆ.

ಆಪರೇಷನ್ ಮುಗಿಸಿ ಹೊರಬಂದ ಸಿಸ್ಟರ್ ಕೈಗವಸು ಕಳಚುತ್ತ ಹೇಳಿದರು: "ಪ್ಲೇಟ್ ಕುಂತದ. ಆದ್ರ ಅಂಚಿನ ಲೇಪ ಭಾಳ ಕಮ್ಮಿ ಅದ ಅಂದ್ರು ಡಾಕ್ಟರು. ಕಂಪನಿಯವರ ಗಫಲತ್ ಇರ್ಬೇಕು. ತಲಿ ತೆರದದ್ದಾಗಿತ್ತು, ಸ್ಕ್ರೂ ಹಾಕಿ ಕೂಡಿಸಿದ್ರು."

ಹಾಲಿನಂಥ ಆ ನೀರು ನೆನಪಾಯಿತು. ಹೇಳಬಹುದಿತ್ತು. ಹೇಳಿದರೆ ಓದಲು ಬಾರದ್ದೂ ಹೊರಬೀಳುತ್ತಿತ್ತು. ಸುಮ್ಮನಾದೆ.

ಒಂಬತ್ತು ತಿಂಗಳು ಸುಮ್ಮನಿದ್ದೆ. ಮೈಲೂರಿನ ನಮ್ಮ ಮನೆಗೆ ಗೌತಮ ಬಂದಾಗಲೆಲ್ಲ ಎಣ್ಣೆ ಹಚ್ಚುವ ನೆಪದಲ್ಲಿ ಅವನ ತಲೆ ಮುಟ್ಟಿ ನೋಡುತ್ತಿದ್ದೆ. "ಅಕ್ಕಾ, ತಲಿ ಅದ ಇದು, ಕಲ್ಲಂಗಡಿ ಅಲ್ಲ" ಎಂದು ನಗುತ್ತಿದ್ದ. ಒಂದು ದಿನ ಕಿವಿಯ ಮೇಲಿನ ಅಂಚು ನನ್ನ ಬೆರಳಿನಡಿ ಅಲುಗಿತು.

ಸ್ಕ್ಯಾನ್ ನೋಡಿದ ಡಾಕ್ಟರು ಎಲುಬು ಎಲ್ಲೂ ಹಿಡಿದಿಲ್ಲ, ಎರಡು ಸ್ಕ್ರೂ ಸಡಿಲಾಗಿವೆ, ಪ್ಲೇಟು ಬದಲಿಸಬೇಕು ಎಂದರು. ಕಂಪನಿಗೆ ದೂರು ಬರೆಯಲು ಪೆನ್ನು ತೆಗೆದರು.

"ಕಂಪನಿಯವ್ರ ತಪ್ಪಲ್ರಿ" ಎಂದೆ. "ನಾನೇ ಬ್ರಶ್ಶಿಂದ ತಿಕ್ಕೀನಿ. ನನಗ ಇಂಗ್ಲಿಷ್ ಓದ್ಲಿಕ್ಕಿ ಬರಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಡಿಲಾಗಿದ್ದು ಅದರಿಂದಲೇ ಅಂತ ಹೇಳೋಕಾಗಲ್ಲ. ಆದರೆ ಅವತ್ತೇ ಹೇಳಿದ್ರೆ ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡ್ತಿದ್ದೆ" ಎಂದರು. ತಿಕ್ಕಿದ್ದಕ್ಕಿಂತ ಸುಮ್ಮನಿದ್ದದ್ದೇ ದೊಡ್ಡ ತಪ್ಪೆಂದು ನನಗೆ ತಿಳಿದದ್ದು ಆ ಮಾತಿನಿಂದ.

ಪಕ್ಕದಲ್ಲೇ ಕೂತಿದ್ದ ಗೌತಮ ನನ್ನನ್ನೇ ನೋಡುತ್ತಿದ್ದ. "ಸಣ್ಣಾಕಿದ್ದಾಗ ನಮ್ಮಪ್ಪಗ ನೀರು ಹೊತ್ತಾಕಿ ನೀ. ಟಾಚಾ ಹೊಡಿಲಾರದ ಗ್ವಾಡಿಗಿ ಗಿಲಾವು ನಿಂದ್ರತದೇನು?"

ಟಾಚಾ ಎಂದರೆ ನುಣುಪಾದ ಸಿಮೆಂಟ್ ಗೋಡೆಗೆ ಉಳಿಯಿಂದ ಕಚ್ಚು ಮಾಡುವುದು. ಆ ಕಚ್ಚಿದ್ದರೇ ಗಿಲಾವು ಹಿಡಿಯುತ್ತದೆ. ಗೌಂಡಿಯ ಮಗಳಾದ ನನಗೆ ಇದು ಗೊತ್ತಿತ್ತು. ಅವನು ಎರಡು ವಾರ ನಮ್ಮ ಮನೆಗೆ ಬರಲಿಲ್ಲ.

ಆಸ್ಪತ್ರೆಯವರು ನನಗೆ ನೋಟಿಸು ಕೊಟ್ಟರು, ಕೆಲಸದಿಂದ ತೆಗೆಯಲಿಲ್ಲ. ಹೊಸ ಪ್ಲೇಟು ಬಂದ ದಿನ ಅದನ್ನು ಮುಟ್ಟುವ ಮೊದಲು ಕಾಗದ ಹಿಡಿದು ಶಬಾನಾ ಸಿಸ್ಟರ್ ಬಳಿ ಹೋದೆ. "ಓದಿ ಹೇಳ್ರಿ" ಎಂದೆ. ಅವರು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಮೂರನೆಯ ಸಾಲಿನಲ್ಲೇ ಇತ್ತು: ಲೇಪಕ್ಕೆ ಬ್ರಶ್ ಮುಟ್ಟಿಸಬಾರದು.

ಈಗ ಆ ಪ್ಲೇಟು ಗಟ್ಟಿಯಾಗಿ ಕೂತಿದೆ. ಗೌತಮ ನೆಲದ ಮೇಲಿನ ಕೆಲಸಕ್ಕಷ್ಟೇ ಹೋಗುತ್ತಾನೆ. ಎಣ್ಣೆ ಮಾತ್ರ ತಾನೇ ಹಚ್ಚಿಕೊಳ್ಳುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸರಿಗೆ ನಾನು ತೊಳೆಯುವುದನ್ನು ಕಲಿಸುವ ಮೊದಲು ಒಂದು ಮಾತು ಹೇಳಿಸುತ್ತೇನೆ: "ನನಗ ಓದ್ಲಿಕ್ಕಿ ಬರಲ್ರಿ." ಓದಲು ಬರುವವರಿಂದಲೂ ಒಮ್ಮೆ ಹೇಳಿಸುತ್ತೇನೆ. ಅವರು ನಗುತ್ತಾರೆ. ನಗಲಿ, ನಾಲಿಗೆಗೆ ರೂಢಿಯಾಗಬೇಕು.